ಬಿಟ್ಟ ಬಿಳಿ, ಇಟ್ಟ ಬಿಳಿ

ಬಟ್ಟೆಗೆ ಹತ್ತಿದ್ದು ಬಣ್ಣವೋ, ಹೂವೋ?

ಸಂಪದಾ ಇದನ್ನು ಯಾರನ್ನೂ ಕೇಳಿರಲಿಲ್ಲ. ಬೆಳಿಗ್ಗೆಯಿಂದ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಶಾಲೆಗೆ ನಡೆದು ಬರುವಾಗ ಕೇಳಿಕೊಂಡಳು. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ಕೇಳಿಕೊಂಡಳು. ಈಗ ಡ್ರಾಯಿಂಗ್ ಪೀರಿಯಡ್‌ನಲ್ಲಿ ಬ್ರಶ್ ಹಿಡಿದು ಕೂತಾಗಲೂ ಅದೇ ಪ್ರಶ್ನೆ.

"ಸರ್, ನನ್ನ ಬಾಕ್ಸ್‌ನ್ಯಾಗ ವೈಟ್ ಇಲ್ರಿ," ಎಂದಳು ಪಕ್ಕದಲ್ಲಿ ಕೂತಿದ್ದ ಕೈನಾತ.

ಕೆರೆಯಲ್ಲಿ ನಿಂತ ಬೆಳ್ಳಕ್ಕಿಯ ಚಿತ್ರ ಬರೆಯಬೇಕಿತ್ತು. ಬೆಳ್ಳಕ್ಕಿ ಅಂದಮೇಲೆ ಬೆಳ್ಳಗಿರಬೇಕಲ್ಲ. ಕೈನಾತಳ ವಾಟರ್ ಕಲರ್ ಬಾಕ್ಸ್‌ನಲ್ಲಿ ಬಿಳಿಯೇ ಇರಲಿಲ್ಲ. ಹಿಂದಿನ ಬೆಂಚಿನ ಅಪ್ಪುವಿನ ಬಾಕ್ಸ್‌ನಲ್ಲಿ ಇತ್ತು. ಆದರೆ ಅವನು ಹಸಿರು ಬ್ರಶ್ಶನ್ನು ಅದರಲ್ಲೇ ಅದ್ದಿ ಅದ್ದಿ ಅದೀಗ ಪುದೀನಾ ಚಟ್ನಿಯಾಗಿತ್ತು.

ಶಿವಶರಣಪ್ಪ ಸರ್ ನಕ್ಕರು. "ವಾಟರ್ ಕಲರ್‌ನ್ಯಾಗ ಬಿಳಿ ಡಬ್ಬ್ಯಾಗ ಇರಂಗಿಲ್ಲವಾ. ಹಾಳ್ಯಾಗ ಇರತೈತಿ."

ಅವರು ಬೋರ್ಡಿಗೆ ಒಂದು ಹಾಳೆ ಅಂಟಿಸಿದರು. ಪೆನ್ಸಿಲ್‌ನಿಂದ ಬೆಳ್ಳಕ್ಕಿ ಬರೆದರು. ಆಮೇಲೆ ಬ್ರಶ್ಶಿಗೆ ತೆಳ್ಳನೆಯ ನೀಲಿ ಹಚ್ಚಿಕೊಂಡು ಹಕ್ಕಿಯ ಸುತ್ತಲೂ ನೀರು ತುಂಬಿಸಿದರು. ಹಕ್ಕಿಯ ಮೈಗೆ ಬ್ರಶ್ ತಾಗಿಸಲೇ ಇಲ್ಲ. ನೀಲಿ ಬಂದಂತೆಲ್ಲ ನಡುವೆ ಬೆಳ್ಳಕ್ಕಿ ತಾನೇ ಎದ್ದು ನಿಂತಿತು. ಅದನ್ನು ಯಾರೂ ಬರೆದಂತೆಯೇ ಇರಲಿಲ್ಲ.

"ಇದು ಬಿಟ್ಟ ಬಿಳಿ," ಎಂದರು ಸರ್. "ಹಾಳಿ ಬಿಳಿ ಐತಲ್ಲ, ಅದನ್ನ ಮುಟ್ಟದ ಬಿಟ್ಟೇವಿ."

ಆಮೇಲೆ ಪೋಸ್ಟರ್ ಕಲರ್ ಬಾಟಲಿ ತೆಗೆದರು. ಅದು ಮೊಸರಿನಂತೆ ಗಟ್ಟಿಯಾಗಿತ್ತು. ನಿನ್ನೆಯೇ ಬರೆದು ಒಣಗಿಸಿದ್ದ ಕಡು ಹಸಿರು ಎಲೆಯ ಮೇಲೆ ಒಂದು ಮಲ್ಲಿಗೆ ಮೊಗ್ಗು ಇಟ್ಟರು. ಕೆಳಗಿನ ಹಸಿರು ಚೂರೂ ಕಾಣಲಿಲ್ಲ. ಇದಕ್ಕೆ ಇಟ್ಟ ಬಿಳಿ ಎನ್ನುತ್ತಾರಂತೆ. ಕಡು ಬಣ್ಣದ ಮೇಲೆ ಬೆಳ್ಳನೆಯದು ಬೇಕಾದರೆ ಹೀಗೆ ಮೇಲಿಂದ ಇಡಬೇಕಂತೆ. ಗುಡಿ ಗೋಡೆಯ ಮೇಲಿನ ಚಿತ್ರಗಳಲ್ಲಿ, ಹಳೆಯ ದೇವರ ಪಟಗಳಲ್ಲಿ ಮುತ್ತಿನ ಸರ ಗಿರ ಇರುತ್ತದಲ್ಲ, ಅದೆಲ್ಲ ಬಹಳ ಸಲ ಇಟ್ಟದ್ದೇ ಎಂದರು.

ದೇವರ ಪಟ ಎಂದ ಕೂಡಲೇ ಸಂಪದಾಳ ಕೈಯಲ್ಲಿದ್ದ ಬ್ರಶ್ ನಿಂತಿತು.

ಯಾವ ಬಿಳಿ ಚಲೋ ಎಂದು ಯಾರೋ ಕೇಳಿದರು. ಸರ್ ಬಟ್ಟೆಯ ಚೂರೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಮೊದಲು ಬೆಳ್ಳಕ್ಕಿಯ ಮೇಲೆ ಎಳೆದರು. ಸುತ್ತಲಿನ ನೀಲಿ ತುಸು ಮಸುಕಾಯಿತು. ಹಕ್ಕಿ ಹಾಗೇ ನಿಂತಿತ್ತು. ಆಮೇಲೆ ಮಲ್ಲಿಗೆ ಮೊಗ್ಗಿನ ಮೇಲೆ ಎಳೆದರು. ಮೊಗ್ಗು ಕರಗಿ ಬಟ್ಟೆಗೆ ಹತ್ತಿತು. ಎಲೆ ಬರಿದಾಯಿತು.

"ಇಟ್ಟದ್ದು ಮ್ಯಾಲೆ ಕುಂತಿರತೈತಿ. ನೀರ ಕಂಡ್ರ ಎದ್ದು ಹೊಂಟ ಬಿಡತೈತಿ."

ಕ್ಲಾಸೆಲ್ಲ ನಕ್ಕಿತು. ಸಂಪದಾ ಸರ್ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದಳು. ಅದರ ಮೇಲೆ ಹಾಲಿನಂಥ ಒಂದು ಗೆರೆ ಇತ್ತು. ಇಂದು ಬೆಳಿಗ್ಗೆ ಅವಳು ಮನೆಯಲ್ಲಿ ನೋಡಿದ ಗೆರೆಯೂ ಹಾಗೇ ಇತ್ತು.

ಆಗಿದ್ದು ಇಷ್ಟು.

ಸಂಪದಾಳ ಅಜ್ಜಿ ಆನಂದೀಬಾಯಿಗೆ ಮೊನ್ನೆ ಒಂದು ಕಣ್ಣಿನ ಪೊರೆ ತೆಗೆದಿದ್ದರು. ಅಜ್ಜಿ ಆಪರೇಶನ್ ಬೇಡ ಎಂದು ಬಹಳ ದಿನ ಹಟ ಹಿಡಿದಿದ್ದಳು. ಅದಕ್ಕೆ ಕಾರಣ ತಿಪ್ಪವ್ವ. ಇಟ್ಟಂಗಿಹಾಳದಿಂದ ಬುಟ್ಟಿ ಹೊತ್ತು ಕಾಯಿಪಲ್ಯೆ ಮಾರಲು ಬರುವ ತಿಪ್ಪವ್ವನ ಎಡಗಣ್ಣಿನ ನಡುವೆ ಬಿಳಿ ಚುಕ್ಕೆಯೊಂದಿದೆ. ಆ ಕಣ್ಣು ಏನೂ ಕಾಣುವುದಿಲ್ಲ. ಅದಕ್ಕೆ ಎಲ್ಲರೂ ಕಣ್ಣಾಗ ಹೂ ಬಿದ್ದದ ಎನ್ನುತ್ತಾರೆ. ಸಂಪದಾ ಸಣ್ಣವಳಿದ್ದಾಗ ಅದು ನಿಜವಾದ ಹೂವು ಎಂದೇ ತಿಳಿದಿದ್ದಳು. ಯಾವ ಹೂವು, ಯಾರು ಹಾಕಿದರು ಎಂದು ತಿಪ್ಪವ್ವನನ್ನೇ ಕೇಳಿದ್ದಳು. "ದೇವ್ರ ಮುಡಿಸ್ಯಾನ ತಂಗಿ. ತಗದೇನಂದ್ರ ಬರವಲ್ದು," ಎಂದು ತಿಪ್ಪವ್ವ ನಕ್ಕಿದ್ದಳು.

ಡಾಕ್ಟರು ಕತ್ತರಿ ಹಾಕಿದರೆ ತನ್ನ ಕಣ್ಣಲ್ಲೂ ಹಾಗೆ ಹೂ ಬಿದ್ದೀತು ಎಂದು ಅಜ್ಜಿಗೆ ಹೆದರಿಕೆ. ಅಪ್ಪ ದಿನವೂ ತಿಳಿಸಿ ಹೇಳಿದ. ಕೊನೆಗೆ ಅಜ್ಜಿ ಒಪ್ಪಿದ್ದು ಒಂದೇ ಕಾರಣಕ್ಕೆ. "ನಮ್ಮ ಅಪ್ಪಾ ಬರದ ಮಾಲಿ ಮತ್ತೊಮ್ಮೆ ಕಣ್ಣ ತುಂಬ ನೋಡಬೇಕು," ಎಂದಿದ್ದಳು.

ಅಜ್ಜಿಯ ಅಪ್ಪ ಪ್ರಲ್ಹಾದ ಮಾಸ್ತರರು ಕಾಖಂಡಕಿಯವರು. ಅವರು ಒಂದು ಸಣ್ಣ ವಿಠ್ಠಲನ ಚಿತ್ರ ಬರೆದಿದ್ದರು. ಅಂಗೈಗಿಂತ ತುಸು ದೊಡ್ಡದು, ಅಷ್ಟೆ. ಇಟ್ಟಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಕಡುನೀಲಿ ವಿಠ್ಠಲ. ಎಲ್ಲರೂ ವಿಠ್ಠಲನಿಗೆ ತುಳಸಿ ಮಾಲೆ ಬರೆದರೆ ಮಾಸ್ತರರು ಮಲ್ಲಿಗೆ ಮಾಲೆ ಬರೆದಿದ್ದರು. ಅಜ್ಜಿಯ ಅವ್ವ ಹಿತ್ತಲಲ್ಲಿ ಮಲ್ಲಿಗೆ ಬಳ್ಳಿ ಹಚ್ಚಿದ್ದಳಂತೆ, ಅದಕ್ಕೆ. ಒಂದೊಂದು ಮೊಗ್ಗೂ ಜೋಳದ ಕಾಳಿಗಿಂತ ಸಣ್ಣದು. ಕಣ್ಣಿಗೆ ಪೊರೆ ಬಂದಮೇಲೆ ಅಜ್ಜಿಗೆ ಆ ಮಾಲೆ ಕಂಡಿರಲೇ ಇಲ್ಲ.

ಚಿತ್ರಕ್ಕೆ ಮೊದಲು ಗಾಜು, ಚೌಕಟ್ಟು ಎರಡೂ ಇದ್ದವು. ದೀಪಾವಳಿ ಸಮಯದಲ್ಲಿ ಅಜ್ಜಿಗೆ ಸರಿಯಾಗಿ ಕಾಣದೆ ಆರತಿ ತಟ್ಟೆ ತಾಗಿ ಗಾಜು ಒಡೆಯಿತು. ಚೂರು ಯಾರಿಗಾದರೂ ಚುಚ್ಚೀತು ಎಂದು ಅಪ್ಪ ಎಲ್ಲ ಬಿಚ್ಚಿ, ಬರೀ ಚಿತ್ರವನ್ನು ಒಂದು ರಟ್ಟಿಗೆ ಆನಿಸಿ ಇಟ್ಟಿದ್ದ. ಸ್ಟೇಷನ್ ರಸ್ತೆಯಲ್ಲಿ ಹೊಸ ಫ್ರೇಮ್ ಹಾಕಿಸುತ್ತೇನೆ ಎಂದು ಹೇಳುತ್ತಲೇ ಇದ್ದ. ಟಿಕೋಟಾದ ಬ್ಯಾಂಕಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಅವನು ಬರುವುದು ದೀಪ ಹಚ್ಚುವ ಹೊತ್ತಿಗೆ. ಫ್ರೇಮ್ ಹಾಗೇ ಉಳಿಯಿತು.

ಆಪರೇಶನ್ ಆದಮೇಲೆ ಹೊಗೆ ಹತ್ತಿರ ಹೋಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು ಎಂದು ಡಾಕ್ಟರು ಹೇಳಿದರು. ತಲೆಗೆ ನೀರು ಬೀಳದೆ ದೇವರ ಮುಂದೆ ಹೋಗುವುದಿಲ್ಲ ಎಂದು ಅಜ್ಜಿ ಹೇಳಿದಳು. ಹಾಗಾಗಿ ಕರಿ ಚಷ್ಮಾ ಹಾಕಿಕೊಂಡು ನಡುಮನೆಯ ಮಂಚದ ಮೇಲೆ ಕೂತಳು. ಒಳಗಿನ ದೊಡ್ಡ ಪೂಜೆ ಅಪ್ಪನದು. ಅಜ್ಜಿಯ ಕೋಣೆಯ ಗೂಡಿನಲ್ಲಿರುವ ತವರುಮನೆಯ ದೇವರು ಮಾತ್ರ ಅಜ್ಜಿಯವು. ಅವನ್ನು ಸಂಪದಾಳಿಗೆ ಒಪ್ಪಿಸಿದಳು.

"ನನ್ನ ದೇವರಿಗೆ ನೀ ನೀರ ಹಾಕವಾ ಸಂಪೀ. ಒಬ್ಬರನೂ ಬಿಡಬ್ಯಾಡ."

ಸಂಪದಾ ಬಾಲಕೃಷ್ಣನಿಗೆ ನೀರು ಹಾಕಿದಳು. ಅನ್ನಪೂರ್ಣೆಗೆ ಹಾಕಿದಳು. ಕಿವಿ ಸವೆದ ಗಣಪತಿಗೆ ಹಾಕಿದಳು. ಆಗಲೇ ನಡುಮನೆಯಿಂದ ದನಿ ಬಂತು. "ಎಲ್ಲಾರಿಗೂ ಹಾಕಿದ್ಯಾ?"

"ಹೂಂ ಅಜ್ಜಿ," ಎಂದುಬಿಟ್ಟಳು ಸಂಪದಾ. ಹಾಗೆಂದ ಮೇಲೆ ಗೂಡಿನಲ್ಲಿ ರಟ್ಟಿಗೆ ಆನಿಸಿದ್ದ ವಿಠ್ಠಲ ಕಂಡ. ಎಲ್ಲರಿಗೂ ಹಾಕಿದೆ ಎಂದಾಗಿದೆ. ಇನ್ನು ಹಾಕದಿದ್ದರೆ ಅದು ಸುಳ್ಳಾಗುತ್ತದೆ. ಅಜ್ಜಿ ಮೊದಲೆಲ್ಲ ಪ್ರತಿ ಏಕಾದಶಿಗೆ ಒದ್ದೆ ಬಟ್ಟೆಯಿಂದ ವಿಠ್ಠಲನನ್ನು ಒರೆಸುವುದನ್ನು ಅವಳು ನೋಡಿದ್ದಳು. ಅಂದು ಗಾಜು ಇತ್ತು, ಇಂದು ಇಲ್ಲ ಎನ್ನುವುದು ತಲೆಗೆ ಹೊಳೆಯಲಿಲ್ಲ. ಬಟ್ಟೆಯ ತುದಿ ಅದ್ದಿ ಎದೆಯ ಮೇಲಿಂದ ಮೆಲ್ಲಗೆ ಒರೆಸಿದಳು.

ಬಟ್ಟೆಯ ಮೇಲೆ ಹಾಲಿನ ಗೆರೆ ಬಂತು. ವಿಠ್ಠಲನ ಕೊರಳಲ್ಲಿ ಮಾಲೆ ಇರಲಿಲ್ಲ.

ಅವಳು ಏನು ಮಾಡಬೇಕೋ ತಿಳಿಯದೆ ದಿನದ ಪದ್ಧತಿಯನ್ನೇ ಮುಂದುವರಿಸಿದಳು. ಬಟ್ಟೆ ಹಿಂಡಿದ ನೀರನ್ನು ದೇವರ ನೀರಿನ ಜೊತೆ ತುಳಸಿ ಕಟ್ಟೆಗೆ ಹಾಕಿದಳು. ಮಾಲೆ ಈಗ ತುಳಸಿಯ ಮಣ್ಣಿನಲ್ಲಿದೆಯೇ? ಅಥವಾ ಎಲ್ಲಿಯೂ ಇಲ್ಲವೇ?

ಇಷ್ಟು ಬೆಳಿಗ್ಗೆ ಆದದ್ದು. ಈಗ ಶಾಲೆ ಬಿಟ್ಟಿತ್ತು. ಕೈನಾತ ಮತ್ತು ಸಂಪದಾ ಒಂದೇ ಓಣಿಯವರು. ಕೈನಾತ ತನ್ನ ಬೆಳ್ಳಕ್ಕಿಗೆ ಸರ್ ಹಾಕಿದ ಮಾರ್ಕಿನ ಬಗ್ಗೆ ಮಾತಾಡುತ್ತಿದ್ದಳು. ಅವಳು ಬಿಡಬೇಕಾದ ಜಾಗವನ್ನು ಬಹಳ ಬಿಟ್ಟಿದ್ದರಿಂದ ಬೆಳ್ಳಕ್ಕಿ ಕೋಳಿಯಾಗಿತ್ತು. ಸಂಪದಾ ನಗಲಿಲ್ಲ.

"ಇಟ್ಟ ಬಿಳಿ ಹೋದ್ರ ಮತ್ತ ಇಡಲಿಕ್ಕೆ ಬರ್ತದ?" ಎಂದಳು.

"ಯಾವ ಚಿತ್ರದಾಗ?"

"ಯಾವುದೋ ಒಂದರಾಗ."

"ಯಾವುದೋ ಅಂದ್ರೂ ಯಾರದೋ ಇರತೈತಲಾ."

ಸಂಪದಾ ಚಪ್ಪಲಿಯಿಂದ ಒಂದು ಕಲ್ಲನ್ನು ಒದೆಯುತ್ತ ಹೋದಳು. ಕೈನಾತ ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ತನ್ನ ಮನೆಯೊಳಗೆ ಓಡಿ ಅಕ್ಕ ಯಾಸ್ಮೀನಳ ಪೋಸ್ಟರ್ ಕಲರ್ ಬಾಟಲಿ ತಂದಳು. ಯಾಸ್ಮೀನ ಡ್ರಾಯಿಂಗ್ ಪರೀಕ್ಷೆಗೆ ಕೂತವಳು. ಕೈನಾತಳಿಗೆ ಬಣ್ಣದ ವಿಷಯ ತಿಳಿದಿದ್ದೆಲ್ಲ ಅವಳಿಂದಲೇ. ಹಳೆಯ ನೋಟಬುಕ್ಕಿನ ನೀಲಿ ರಟ್ಟಿನ ಮೇಲೆ ಒಂದು ಚುಕ್ಕೆ ಇಟ್ಟು ತೋರಿಸಿದಳು.

"ಹಸೀದು ನಂಬಬ್ಯಾಡ. ಈಗೊಂದು ಕಾಣತೈತಿ, ಒಣಗಿದ ಮ್ಯಾಲೆ ಮತ್ತೊಂದ ಕಾಣತೈತಿ. ಯಾಸ್ಮೀನ ಆಪಾ ಮೊದಲ ರದ್ದಿ ಹಾಳಿ ಮ್ಯಾಲೆ ಹಚ್ಚಿ, ಒಣಗಿಸಿ ನೋಡತಾಳ."

ಸಂಪದಾ ತಲೆಯಾಡಿಸಿದಳು. ಬಾಟಲಿಯನ್ನು ಪಾಟಿಚೀಲದಲ್ಲಿ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ದೇವರಿಗೆ ನೀರು ಹಾಕುವ ಹೊತ್ತಿಗೆ ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ತಂದಳು. ನಿನ್ನೆ ಗಾಬರಿಯಲ್ಲಿ ಸರಿಯಾಗಿ ನೋಡಿರಲಿಲ್ಲ. ಇಂದು ನೋಡಿದರೆ ಮಾಲೆ ಇದ್ದ ಜಾಗದಲ್ಲಿಯೂ ವಿಠ್ಠಲನ ಎದೆ ಪೂರ್ತಿ ಇತ್ತು. ಅದೇ ನೀಲಿ, ತುಸು ಮಸುಕು. ಎದೆಯ ಮೇಲೆ ಪದಕವೂ ಇತ್ತು. ಮಾಸ್ತರರು ಮೊದಲು ಪದಕ ಬರೆದು, ಅದನ್ನು ಮುಚ್ಚಿ ಮಾಲೆ ಹಾಕಿದ್ದರು. ಯಾರಿಗೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಯಾಕೆ ಬರೆದರು?

ಕಣ್ಣುಗಳು ಮಾತ್ರ ಹಾಗೇ ಇದ್ದವು. ಸಂಪದಾ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಕಣ್ಣಿನ ಬಿಳಿಯಲ್ಲಿ ಬಣ್ಣವೇ ಇರಲಿಲ್ಲ. ಬರೀ ಕಾಗದ. ಇವು ಬಿಟ್ಟ ಬಿಳಿ. ಇಷ್ಟು ವರ್ಷ ಮನೆಯನ್ನೆಲ್ಲ ನೋಡುತ್ತಿದ್ದದ್ದು ಮಾಸ್ತರರು ಮುಟ್ಟದೇ ಬಿಟ್ಟ ಕಾಗದವೇ?

ರದ್ದಿ ಹಾಳೆಯ ಮೇಲೆ ಹಚ್ಚಿ ನೋಡಬೇಕು ಎಂದು ನೆನಪಿತ್ತು. ಆದರೆ ಹೊರಗೆ ಅಜ್ಜಿ ಕೆಮ್ಮಿದಳು. ಸಂಪದಾಳಿಗೆ ಅವಸರವಾಯಿತು. ಬ್ರಶ್ಶಿನ ತುದಿಯಿಂದ ಕೊರಳ ಹತ್ತಿರ ಒಂದು ಮೊಗ್ಗು ಇಟ್ಟೇಬಿಟ್ಟಳು.

ಹಸಿ ಇದ್ದಾಗ ಅದು ಚೆನ್ನಾಗಿ ಕಂಡಿತು. ಮೆತ್ತಗೆ, ಸಣ್ಣದಾಗಿ, ನಿಜವಾದ ಮಲ್ಲಿಗೆಯ ಹಾಗೆ. ಇನ್ನೊಂದು ಇಡುವ ಮೊದಲು ಶಾಲೆಗೆ ಹೊತ್ತಾಯಿತೆಂದು ಅಮ್ಮ ಕರೆದಳು.

ಸಂಜೆ ಬಂದು ನೋಡಿದರೆ ಅದು ಸುಣ್ಣದ ಚಕ್ಕೆಯ ಹಾಗಿತ್ತು. ಹಳೆಯ ಮಾಲೆಗೆ ವರ್ಷ ಕಳೆದಂತೆ ಬೆಣ್ಣೆಯ ಬಣ್ಣ ಬಂದಿತ್ತು. ಇದು ಬಿಳಿಚಿಕೊಂಡು, ದಪ್ಪಗೆ, ಯಾರೋ ಮೊಸರನ್ನ ಉಣ್ಣುವಾಗ ಸಿಡಿಸಿದಂತೆ ಕೂತಿತ್ತು. ಒರೆಸಿ ತೆಗೆಯೋಣವೆಂದರೆ ಕೆಳಗಿನ ನೀಲಿಯೂ ಬಂದುಬಿಟ್ಟರೆ? ಇನ್ನಷ್ಟು ಮೊಗ್ಗು ಇಡೋಣವೆಂದರೆ ಎಲ್ಲವೂ ಹೀಗೇ ಆದರೆ? ಸಂಪದಾ ಬಾಟಲಿಯ ಮುಚ್ಚಳ ಬಿಗಿದಳು. ಇಟ್ಟರೂ ತಪ್ಪು, ಬಿಟ್ಟರೂ ತಪ್ಪು. ತಾನು ಮೊದಲು ಮಾಡಿದ್ದು ತಪ್ಪೇ ಹೌದೋ ಅಲ್ಲವೋ, ಅದೂ ಅವಳಿಗೆ ತಿಳಿಯುತ್ತಿರಲಿಲ್ಲ. ಒಬ್ಬರನ್ನೂ ಬಿಡಬೇಡ ಎಂದದ್ದು ಅಜ್ಜಿಯೇ ತಾನೆ.

ಅಂದಿನಿಂದ ಅವಳು ವಿಠ್ಠಲನ ಮುಂದೆ ಒಂದು ದಾಸವಾಳ ಒರಗಿಸಿ ಇಡತೊಡಗಿದಳು, ಎದೆ ಕಾಣದ ಹಾಗೆ.

ಆಮೇಲೆ ಅಜ್ಜಿಗೆ ತಲೆಗೆ ನೀರು ಹಾಕಿಕೊಳ್ಳುವ ದಿನ ಬಂತು. ಅಂದು ರವಿವಾರ, ನಳದಲ್ಲಿ ನೀರೂ ಬಂದಿತ್ತು. ಅಮ್ಮ ಹಂಡೆ ತುಂಬಾ ನೀರು ಕಾಸಿದಳು. ಅಜ್ಜಿ ಬಚ್ಚಲಿನಿಂದ ಬಂದವಳೇ ಕರಿ ಚಷ್ಮಾ ತೆಗೆದು ಮನೆಯೆಲ್ಲ ಸುತ್ತಿದಳು. ಅವಳ ಖುಷಿ ನೋಡಿ ಎಲ್ಲರಿಗೂ ನಗು. ನಡುಮನೆಯ ಗೋಡೆ ಹಳದಿ ಎಂದು ತಿಳಿದಿದ್ದಳಂತೆ, ಅದು ಬಿಳಿಯಂತೆ. ತಾನು ಉಟ್ಟ ಸೀರೆ ಹಳೆಯದಾಗಿ ಕಂದಿದೆ ಎಂದು ತಿಳಿದಿದ್ದಳಂತೆ, ಅದು ಹೊಸದೇ ಇದೆಯಂತೆ. ಅಪ್ಪನ ಕಿವಿಯ ಮೇಲೆ ಬಿಳಿಗೂದಲು ಕಂಡು, "ಸುಧೀರ, ನೀ ಯಾವಾಗ ಮುದಕ ಆದ್ಯೋ," ಎಂದಳು.

"ಹೋದ ವರ್ಷ. ನಿನಗ ಹೇಳಲಿಲ್ಲ ಅಷ್ಟ," ಎಂದ ಅಪ್ಪ.

ಎದುರು ಮನೆಯ ಬಾಗಿಲಿಗೆ ಕಟ್ಟಿದ ತೋರಣದ ಎಲೆ ಒಣಗಿದ್ದೂ ಅಜ್ಜಿಗೆ ಕಂಡಿತು. ಎಲ್ಲ ನೋಡಿಯಾದ ಮೇಲೆ ಅವಳು ತನ್ನ ಕೋಣೆಗೆ ಹೋದಳು. ಸಂಪದಾ ಬಾಗಿಲ ಮರೆಯಲ್ಲಿ ನಿಂತಳು.

ಅಜ್ಜಿ ದೀಪ ಹಚ್ಚಿದಳು. ನಿನ್ನೆಯ ದಾಸವಾಳ ಬಾಡಿತ್ತು. ಅದನ್ನು ತೆಗೆದು ಪಕ್ಕಕ್ಕೆ ಇಟ್ಟಳು. ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದು ನೋಡಿದಳು. ಮುಗಿದ ಕೈ ಹಾಗೇ ನಿಂತಿತು. ಆಪರೇಶನ್ ಆದ ಕಣ್ಣನ್ನು ಮುಚ್ಚಿ ನೋಡಿದಳು, ತೆರೆದು ನೋಡಿದಳು. ಮುಂದಕ್ಕೆ ಬಾಗಿದಳು. ಹತ್ತಿರದ್ದು ಕಾಣಲು ಬೇರೆ ಚಷ್ಮಾ ಬೇಕು, ಅದನ್ನು ಆಮೇಲೆ ಕೊಡುತ್ತೇವೆ ಎಂದು ಡಾಕ್ಟರು ಹೇಳಿದ್ದರು. ಬಾಗಿದರೆ ಎಲ್ಲ ಮಬ್ಬಾಯಿತೋ ಏನೋ, ಮತ್ತೆ ಹಿಂದೆ ಸರಿದಳು. ಸೆರಗಿನಿಂದ ಕಣ್ಣಿನ ಅಂಚನ್ನು ಒತ್ತಿಕೊಂಡಳು.

ಈಗ ಕರೆಯುತ್ತಾಳೆ, ಈಗ ಕೇಳುತ್ತಾಳೆ ಎಂದು ಸಂಪದಾ ಕಾಯುತ್ತಿದ್ದಳು. ಅಜ್ಜಿ ಕರೆಯಲಿಲ್ಲ. ದೀಪಕ್ಕೆ ಒಂದಿಷ್ಟು ಎಣ್ಣೆ ಹಾಕಿ ಸುಮ್ಮನೆ ಹೊರಗೆ ಬಂದಳು.

ಇದು ಸಂಪದಾ ಎಣಿಸಿರದ ಸಂಗತಿ. ಬೈದರೆ ಅಳಬೇಕು ಎಂದುಕೊಂಡಿದ್ದಳು. ಬೈಯಲೇ ಇಲ್ಲವಲ್ಲ. ಗೊತ್ತಾಗಲಿಲ್ಲವೇ? ಗೊತ್ತಾಗಿಯೂ ಸುಮ್ಮನಿದ್ದಾಳೆಯೇ? ಸಿಟ್ಟು ಬಂದರೆ ಅಜ್ಜಿ ಪಾತ್ರೆ ಸದ್ದು ಮಾಡುತ್ತಾಳೆ. ಇಂದು ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ.

ಊಟಕ್ಕೆ ಕೂತಾಗ ಅಜ್ಜಿ ಅರ್ಧ ರೊಟ್ಟಿಗೇ ಕೈ ತೊಳೆದಳು. ಅಪ್ಪ ಎರಡನೆಯ ಕಣ್ಣಿನ ಮಾತೆತ್ತಿದ. ಈ ಕಣ್ಣು ಇಷ್ಟು ಚಲೋ ಆಗಿದೆ, ಬರುವ ತಿಂಗಳು ಅದನ್ನೂ ಮಾಡಿಸಿಬಿಡೋಣ ಎಂದ. ಬೇಡ ಎಂದಳು ಅಜ್ಜಿ. ಯಾಕೆ ಎಂದು ಅಮ್ಮನೂ ಕೇಳಿದಳು, ಅಪ್ಪನೂ ಕೇಳಿದ. ಬೆಳಿಗ್ಗೆ ತೋರಣದ ಎಲೆ ಕಂಡಿತು ಎಂದು ಕುಣಿದವಳು ಮಧ್ಯಾಹ್ನ ಹೀಗಂದರೆ ಹೇಗೆ ಎಂದು ಅಪ್ಪ ನಗಿಸಲು ನೋಡಿದ.

"ಬ್ಯಾಡಂದ್ರ ಬ್ಯಾಡ ಸುಧೀರ," ಎಂದಳು ಅಜ್ಜಿ. "ಒಂದು ಕಣ್ಣು ಹೋದದ್ದ ಸಾಕು."

ಹೋದದ್ದು? ಅಪ್ಪನಿಗೆ ತಿಳಿಯಲಿಲ್ಲ. ಅಮ್ಮನ ಮುಖ ನೋಡಿದ. ಅಮ್ಮ ಸಂಪದಾಳ ಮುಖ ನೋಡಿದಳು. ಸಂಪದಾ ತಟ್ಟೆಯಲ್ಲಿದ್ದ ಶೇಂಗಾ ಚಟ್ನಿಯನ್ನು ಬೆರಳಿಂದ ಗುಂಡಗೆ ತಿರುವುತ್ತಿದ್ದಳು.

ಸಂಜೆ ಬಿಸಿಲು ಇಳಿದ ಮೇಲೆ ಅಜ್ಜಿ ಕೂದಲು ಹರವಿಕೊಂಡು ಮಾಳಿಗೆಯ ಮೇಲೆ ಕೂತಿದ್ದಳು. ಅಮ್ಮ ಕೊಟ್ಟ ಚಹಾ ತೆಗೆದುಕೊಂಡು ಸಂಪದಾ ಮೇಲೆ ಹೋದಳು. ದೂರದಲ್ಲಿ ಗೋಲಗುಂಬಜದ ಗುಮ್ಮಟ ಕಾಣುತ್ತಿತ್ತು. ಅದರ ಸುತ್ತಲಿನ ಮೊಗಸಾಲೆಯಲ್ಲಿ ಇರುವೆಗಳ ಹಾಗೆ ಮಂದಿ ಓಡಾಡುತ್ತಿದ್ದರು.

"ಮಂದಿ ಕಾಣಸ್ತಾರ ನೋಡು, ಅಷ್ಟ ದೂರದಾಗ," ಎಂದಳು ಅಜ್ಜಿ. ಅವಳ ದನಿಯಲ್ಲಿ ಖುಷಿ ಇರಲಿಲ್ಲ.

ಸಂಪದಾ ಪಕ್ಕದಲ್ಲಿ ಕೂತಳು. ಅಜ್ಜಿ ಚಹಾ ಕುಡಿಯಲಿಲ್ಲ. ಬಟ್ಟಲಿನ ಅಂಚನ್ನು ಹೆಬ್ಬೆರಳಿಂದ ಸವರಿದಳು. ಆಮೇಲೆ ಕೆಳಗಿನ ಮೆಟ್ಟಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ನಿನಗೊಬ್ಬಾಕಿಗೆ ಹೇಳತೀನಿ. ಅಪ್ಪಗ ಹೇಳಬ್ಯಾಡ, ಪಾಪ, ಮನಸಿಗೆ ಹಚ್ಚಿಕೋತಾನ. ನನ್ನ ಕಣ್ಣು ಸರಿ ಆಗಿಲ್ಲವಾ."

"ಗುಮ್ಮಟದ ಮ್ಯಾಲಿನ ಮಂದಿ ಕಾಣತಾರಲಾ ಅಜ್ಜಿ?"

"ಅದ ತಿಳೀವಲ್ದು ನನಗ. ಎಲ್ಲಾ ಕಾಣಸ್ತದ. ವಿಠ್ಠಲನೂ ಕಾಣಸ್ತಾನ. ಮಾಲಿ ಕಾಣಸವಲ್ದು." ಅಜ್ಜಿ ತನ್ನ ಕೊರಳ ಹತ್ತಿರ ಬೆರಳಿಟ್ಟು ತೋರಿಸಿದಳು. "ಮಾಲಿ ಇರೋ ಜಾಗಾದಾಗ ಇಲ್ಲೆ ಒಂದು ಬಿಳೇ ಚುಕ್ಕಿ ಕಾಣಸ್ತದ. ತಿಪ್ಪವ್ವನ ಕಣ್ಣಾಗ ಅದ ನೋಡು, ಹಂತಾದ್ದು. ಕಣ್ಣಾಗ ಹೂ ಬಿದ್ದದ."

ಸಂಪದಾ ಅಜ್ಜಿಯ ಬೆರಳಿದ್ದ ಜಾಗವನ್ನು ನೋಡಿದಳು.

ಹೂವು ಕಣ್ಣಲ್ಲಿದ್ದರೆ ಎಲ್ಲಿ ನೋಡಿದರೂ ಕಾಣಬೇಕಲ್ಲ ಎಂದು ಅಜ್ಜಿಯೇ ಯೋಚಿಸಿದ್ದಳಂತೆ. ಗೋಡೆ ನೋಡಿದರೆ ಕಾಣುವುದಿಲ್ಲವಂತೆ. ಆಕಾಶ ನೋಡಿದರೂ ಇಲ್ಲವಂತೆ. ವಿಠ್ಠಲನ ಮುಂದೆ ನಿಂತರೆ ಮಾತ್ರ ಬಂದು ಕೂರುತ್ತದಂತೆ.

"ಅವನ ಮುಂದ ನಿಂತಾಗ ಅಷ್ಟ," ಎಂದಳು ಅಜ್ಜಿ ಮತ್ತೆ. "ಮಂದಿದೆಲ್ಲಾ ನೋಡು, ನಂದು ನೋಡಬ್ಯಾಡ ಅಂತಾನೇನೋ. ನಮ್ಮ ಅಪ್ಪನ ಕೈಯಿಂದ ಆದದ್ದು, ಮತ್ತೊಮ್ಮೆ ನೋಡತೀನಂತ ಆಸೆ ಪಟ್ಟೆ. ಹೋಗಲಿ. ಇನ್ನೊಂದು ಕಣ್ಣಿಗೆ ಯಾರಿಗೂ ಕೈ ಹಚ್ಚಗೊಡೂದಿಲ್ಲ."

ಅಜ್ಜಿ ಮಾತು ನಿಲ್ಲಿಸಿ ಚಹಾ ಕುಡಿದಳು. ಅದು ತಣ್ಣಗಾಗಿತ್ತು.

ಸಂಪದಾಳ ತಲೆಯಲ್ಲಿ ಎಲ್ಲ ಬಣ್ಣಗಳೂ ಒಂದೇ ನೀರಲ್ಲಿ ಕಲಸಿದಂತಾಗಿತ್ತು. ಅಜ್ಜಿಗೆ ಏನೂ ಗೊತ್ತಾಗಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ನಾಳೆ ಮತ್ತೆ ದಾಸವಾಳ ಇಟ್ಟರಾಯಿತು. ಯಾರೂ ಬೈಯುವುದಿಲ್ಲ, ಯಾರೂ ಕೇಳುವುದಿಲ್ಲ. ಹಾಗಾದರೆ ಮೈ ಹಗುರಾಗಬೇಕಿತ್ತಲ್ಲ. ಯಾಕೆ ಆಗುತ್ತಿಲ್ಲ?

ಅವಳು ಅಜ್ಜಿಯ ಕಣ್ಣನ್ನು ನೋಡಿದಳು. ಸಂಜೆಯ ಬೆಳಕಿನಲ್ಲಿ ಅದು ಎಷ್ಟು ತಿಳಿಯಾಗಿತ್ತೆಂದರೆ ಅದರೊಳಗೆ ಮಾಳಿಗೆಯ ಗೋಡೆ, ಆಕಾಶ, ಎರಡು ಜಡೆಯ ಒಂದು ಪುಟ್ಟ ಹುಡುಗಿ ಎಲ್ಲ ಕಾಣುತ್ತಿದ್ದವು. ಬಿಳಿ ಚುಕ್ಕೆ ಎಲ್ಲಿಯೂ ಇರಲಿಲ್ಲ. ಆ ಕಣ್ಣು ಇರುವುದನ್ನು ಇದ್ದ ಹಾಗೆಯೇ ನೋಡಿತ್ತು. ಇಲ್ಲದ ಮಾಲೆಯನ್ನು ಇಲ್ಲ ಎಂದಿತ್ತು. ಇದ್ದ ಚುಕ್ಕೆಯನ್ನು ಇದೆ ಎಂದಿತ್ತು. ಅಜ್ಜಿ ಮಾತ್ರ ಅದನ್ನು ನಂಬುತ್ತಿರಲಿಲ್ಲ.

ಕೆಳಗಿನಿಂದ ಅಪ್ಪ ಕೂಗಿದ. ಡಾಕ್ಟರಿಗೆ ಫೋನ್ ಮಾಡಿ ಎರಡನೆಯ ಕಣ್ಣು ಬೇಡ ಎಂದು ಹೇಳಿಬಿಡಲೇ ಎಂದು ಕೇಳುತ್ತಿದ್ದ. ಅವನ ದನಿಯ ನಗು ಹೋಗಿತ್ತು.

"ಹೇಳಿಬಿಡು," ಎನ್ನಲು ಅಜ್ಜಿ ಬಾಯಿ ತೆರೆದಳು. ಸಂಪದಾ ಅವಳ ಕೈ ಹಿಡಿದಳು.

"ಅಜ್ಜಿ," ಎಂದಳು. ಅಜ್ಜಿ ಆ ಹೊಸ ಕಣ್ಣಿನಿಂದ ಅವಳನ್ನೇ ನೋಡುತ್ತ ಕಾದಳು.

"ಆ ಹೂ ನಿನ್ನ ಕಣ್ಣಾಗಿಲ್ಲ, ಅಜ್ಜಿ. ಕಾಗದದ ಮ್ಯಾಲೆ ಅದ. ನಾ ಇಟ್ಟದ್ದು."